ಹುಳುಮನೆಯ ಪಕ್ಕದಲ್ಲಿ ಮಾತಿಗೆ ದಾರಿ ಬಿಡಿಸುವ ತನುಜ

ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಶೈಲಜಾ ಅವರ ಮನೆಯ ಜಗಲಿಯಲ್ಲಿ ತನುಜ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಈ ಮನೆಯ ನೆಟ್ಟಿನಿಂದಲೇ ಕರೆ ಮಾಡಿ ಸ್ಪೀಕರಿಗೆ ಹಾಕಿದ ಫೋನು. ಆ ತುದಿಯಲ್ಲಿರುವುದು ಚಿಂತಾಮಣಿಯ ಮನೆಯ ಅಡುಗೆಕೋಣೆಯಲ್ಲಿ ನಿಂತಿರುವ ಅವರ ಅತ್ತೆ ಮಂಗಮ್ಮ.

"ಅತ್ತೆ, ಪಾಪುಗೆ ಇವತ್ತು ಚಿತ್ರಾನ್ನ ಕಟ್ಟಿ. ಮೊಸರು ಬೇಡ, ಶೀತ ಇದೆ. ಡ್ರಾಯಿಂಗ್ ಪುಸ್ತಕ ಮರೀಬೇಡಿ. ಈಗ ನಾನೇನಂದೆ ಹೇಳಿ?"

"ಮೊಸರು ಅಂದೆ. ಪುಸ್ತಕ ಅಂದೆ. ಮಧ್ಯ ಏನೋ ಗೊರಗೊರ ಅಂತು. ಮೊಸರಿಗೂ ಪುಸ್ತಕಕ್ಕೂ ಏನೇ ಸಂಬಂಧ?"

ತನುಜ ನಗುವುದಿಲ್ಲ. ಬಾಗಿಲಿಗೆ ಒರಗಿ ನಿಂತ ಶೈಲಜಾ ಅವರಿಗಂತೂ ನಗು ಬರುವ ಸ್ಥಿತಿಯೇ ಇಲ್ಲ. "ಇದೇ ಅಕ್ಕ, ಹಿಂಗೇ ಆಗೋದು," ಎನ್ನುತ್ತಾರೆ ಮೆಲ್ಲಗೆ.

ಶೈಲಜಾ ಮನೆಯಿಂದಲೇ, ಇಂಟರ್ನೆಟ್ ಮೂಲಕ, ಬೆಂಗಳೂರಿನ ಒಂದು ಆಸ್ಪತ್ರೆಯ ಫೋನ್ ಕರೆಗಳಿಗೆ ಉತ್ತರಿಸುತ್ತಾರೆ. ಈ ಸೀಮೆಯಿಂದ ಫೋನ್ ಮಾಡುವ ರೋಗಿಗಳಿಗೆ ಯಾವ ಡಾಕ್ಟರು ಯಾವ ದಿನ ಸಿಗುತ್ತಾರೆ, ಬರುವಾಗ ಏನೇನು ತರಬೇಕು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ತಿಳಿಸುವ ಕೆಲಸ. ಇತ್ತೀಚೆಗೆ ರೋಗಿಗಳಿಗೆ ಅವರ ಮಾತು ಅರ್ಧಂಬರ್ಧ ತಲುಪುತ್ತಿದೆ. ಆಸ್ಪತ್ರೆಗೆ ದೂರು ಹೋಗಿದೆ. ಇವತ್ತು ಒಂಬತ್ತು ಗಂಟೆಗೆ ಮೇಲಿನವರೊಬ್ಬರು ಅವರ ಕರೆಗಳನ್ನು ಕೂತು ಕೇಳಲಿದ್ದಾರೆ. ಇಂದೂ ಮಾತು ಒಡೆದರೆ ಮನೆಯಿಂದ ಕೆಲಸ ಬಂದ್. ದಿನವೂ ಬೆಂಗಳೂರಿನ ಆಫೀಸಿಗೆ ಬರಬೇಕು, ಇಲ್ಲವೇ ಬಿಡಬೇಕು. ಸೊಂಟದ ಮೇಲೊಂದು ಕೂಸು, ಹಿತ್ತಲಲ್ಲಿ ರೇಷ್ಮೆ ಹುಳು ಇರುವ ಮನೆಯ ಹೆಣ್ಣುಮಗಳಿಗೆ ಈ ಎರಡರಲ್ಲಿ ಯಾವುದು ಉಳಿಯುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ತನುಜ ಈ ಮನೆಗೆ ಬರುತ್ತಿರುವುದು ಇದು ಮೂರನೇ ಸಲ. ಹಿಂದಿನ ಎರಡೂ ಸಲ ಎಲ್ಲ ಸರಿಮಾಡಿ, ಮಾತಾಡಿಸಿ, ಕೇಳಿಸಿಕೊಂಡು ಹೋದವರು. ಎರಡೂ ಸಲ ಅವರ ಬೆನ್ನಿಗೇ ಮಾತು ಮತ್ತೆ ಒಡೆದಿದೆ.

ತನುಜ ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಮದುವೆಯಾಗಿ ಚಿಂತಾಮಣಿಗೆ ಬಂದ ಮೇಲೆ ಅಲ್ಲಿನ ಸಣ್ಣ ಇಂಟರ್ನೆಟ್ ಕಂಪನಿಯೊಂದರಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದರು. ನೆಟ್ ಇಲ್ಲ ಎಂದು ಕೂಗಾಡುವವರ ಮನೆಗೆ ಹುಡುಗರು ಓಡುತ್ತಿದ್ದರು. ನೆಟ್ ಇದೆ, ಮಾತು ಮಾತ್ರ ಒಡೆಯುತ್ತಿದೆ ಎನ್ನುವವರಿಗೆ ಗತಿಯಿರಲಿಲ್ಲ. ವೇಗ ಅಳೆದರೆ ಎಲ್ಲ ಸರಿಯಿರುತ್ತಿತ್ತು. ದೂರು ಮುಗಿಯಿತೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು.

"ಅವರೇ ಮತ್ತೆ ಫೋನ್ ಮಾಡೋರು. ಪಾಪ, ದೂರು ಹೇಳಕ್ಕೂ ಅದೇ ಒಡೆದಿರೋ ಮಾತು. ಅರ್ಧ ಅವರು ಹೇಳೋರು, ಇನ್ನರ್ಧ ನಾನು ಊಹೆ ಮಾಡ್ಕೊಳೋಳು," ಎಂದು ಆ ದಿನಗಳನ್ನು ನೆನೆಯುತ್ತಾರೆ. ಒಂದು ದಿನ ಊಹೆ ಮಾಡಿ ಸಾಕಾಗಿ, ಊಟದ ಬಿಡುವಿನಲ್ಲಿ ಸ್ಕೂಟರ್ ಹತ್ತಿ ಒಬ್ಬರ ಮನೆಗೆ ತಾವೇ ಹೋದರು. ಈಗ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಮಾತಿನ ದೂರು ಎಲ್ಲಿಂದ ಬಂದರೂ ಕಂಪನಿ ಕಳಿಸುವುದು ಅವರನ್ನೇ. ದಿನಕ್ಕೆ ನಾಲ್ಕೈದು ಮನೆ. ಜನ ಕೆಲಸಕ್ಕೆ ಕೂರುವ ಮುಂಚೆ ಹೋಗಬೇಕಾದ್ದರಿಂದ ಬೆಳಕು ಹರಿಯುವಾಗಲೇ ಹೊರಡಬೇಕು. ಮಗಳ ಜಡೆ ಹೆಣೆಯುವುದು, ಶಾಲೆಯ ಬಸ್ಸಿಗೆ ಹತ್ತಿಸುವುದು ಮಂಗಮ್ಮನ ಪಾಲು. ಮಗಳು ನಿದ್ದೆಯಲ್ಲಿರುವಾಗ ಹೊರಟು, ನಿದ್ದೆಗೆ ಜಾರುವ ಹೊತ್ತಿಗೆ ಮನೆ ಸೇರುವ ದಿನಗಳೂ ಇವೆ. ಅದರ ಬಗ್ಗೆ ತನುಜ ಹೆಚ್ಚು ಮಾತಾಡುವುದಿಲ್ಲ.

ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, "ಹುಡುಗ್ರು ಯಾರೂ ಬರ್ಲಿಲ್ವೇನಮ್ಮ?" ಎರಡನೆಯದು, "ಕಾಫಿ ಕುಡೀತೀರಾ?" ಎರಡಕ್ಕೂ ಉತ್ತರ ಹೇಳುತ್ತಲೇ ಅವರ ಕಣ್ಣು ರೂಟರ್ ಹುಡುಕುತ್ತಿರುತ್ತದೆ. ಇಂಟರ್ನೆಟ್ಟನ್ನು ಮನೆಗೆಲ್ಲ ಹಂಚುವ ಆ ಡಬ್ಬಿಯನ್ನು ಜನ ಎಲ್ಲೆಲ್ಲಿ ಇಡುತ್ತಾರೆ ಎನ್ನುವುದೇ ಒಂದು ಕಥೆ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರೊಬ್ಬರು ರೇಷ್ಮೆಗೂಡು ಬೇಯಿಸುವ ಹಬೆ ನೇರವಾಗಿ ಬಡಿಯುವ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ಗೌರಿಬಿದನೂರಿನ ನಿವೃತ್ತ ಮೇಷ್ಟ್ರು ಸತ್ಯಮೂರ್ತಿ ಫೋನಿನಲ್ಲೇ ಮಕ್ಕಳಿಗೆ ಪಾಠ ಹೇಳುವವರು. ಡಬ್ಬಿಗೆ ಕಸೂತಿ ಹೊದಿಕೆ ಹಾಕಿ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದರು. "ಧೂಳು ಕೂರಬಾರದು ಅಂತಮ್ಮ," ಎಂದರಂತೆ. "ಧೂಳು ಒಳಗೆ ಹೋಗಲ್ಲ ಸಾರ್, ಮಾತೂ ಹೊರಗೆ ಬರಲ್ಲ," ಎಂದು ತನುಜ ಅದನ್ನು ಎತ್ತಿ ಕಿಟಕಿಯ ಮೇಲಿಟ್ಟು ಬಂದರು.

ಜಾಗ ಬದಲಿಸುವುದು ಸುಲಭದ ಭಾಗ. ನಿಜವಾದ ಕೆಲಸ ಡಬ್ಬಿಯ ಒಳಗಿನ ಸೆಟ್ಟಿಂಗುಗಳಲ್ಲಿದೆ. "ಮಾತಿಗೆ ಜಾಸ್ತಿ ಜಾಗ ಬೇಡ. ಹೊತ್ತಿಗೆ ಸರಿಯಾಗಿ ಹೋಗ್ಬೇಕು, ಅಷ್ಟೆ. ಸಿನಿಮಾ ಒಂದು ಗಳಿಗೆ ನಿಂತ್ರೆ ಆಮೇಲೆ ಬರುತ್ತೆ, ಯಾರೂ ಸಾಯಲ್ಲ. ಮಾತು ತಡವಾಗಿ ಬಂದ್ರೆ ಅದು ಮಾತೇ ಅಲ್ಲ," ಎನ್ನುತ್ತಾರೆ. ಚಿಂತಾಮಣಿ ಮಾರ್ಕೆಟ್ಟಿನ ಗೇಟಲ್ಲಿ ಟೊಮೆಟೊ ಲಾರಿಗಳ ನಡುವೆ ಸಿಕ್ಕಿಬಿದ್ದ ಸೈಕಲ್ಲಿನ ಹಾಗೆ ಈ ಮಾತು. ಸೈಕಲ್ಲಿಗೆ ಬೇಕಾದ್ದು ಒಂದು ಗೇಣು ಜಾಗ, ಆದರೆ ಲಾರಿಗಳು ಬಿಡಬೇಕಲ್ಲ. ತನುಜ ಮಾಡುವುದು ಸೈಕಲ್ಲಿಗೆ ಪ್ರತ್ಯೇಕ ದಾರಿ. ಮೊದಲು ಕರೆಗೆ ಮುಂದಿನ ಸಾಲು. ಆಮೇಲೆ ಟೀವಿಗೆ, ಮಿಕ್ಕವರ ಮೊಬೈಲುಗಳಿಗೆ ಒಂದು ಮಿತಿ. ಲೈನಿನ ಪೂರ್ತಿ ಶಕ್ತಿಯನ್ನು ಬಳಸಲು ಬಿಡದೆ ಸ್ವಲ್ಪ ಉಳಿಸಿಕೊಳ್ಳುತ್ತಾರೆ. "ಹಾಲಿನ ಕ್ಯಾನನ್ನ ಕಂಠಮಟ್ಟ ತುಂಬಿಸ್ತಾರಾ? ತುಳುಕುತ್ತೆ." ಕೆಲವು ಡಬ್ಬಿಗಳಲ್ಲಿ ಕರೆಗೆ ಸಹಾಯ ಮಾಡುತ್ತೇನೆಂದು ತಾನಾಗಿ ಬರುವ ಸೆಟ್ಟಿಂಗೊಂದಿದೆ. ಅದನ್ನು ಕಂಡ ಕೂಡಲೇ ಆಫ್ ಮಾಡುತ್ತಾರೆ. "ಬೇಡ ಅಂದ್ರೂ ಸಹಾಯಕ್ಕೆ ಬರೋ ನೆಂಟರ ಥರ ಅದು. ಇದ್ದಷ್ಟು ಹೊತ್ತು ಕೆಡಿಸೋದೇ."

ಇದೆಲ್ಲವನ್ನೂ ಶೈಲಜಾ ಅವರ ಮನೆಯಲ್ಲಿ ಮಾಡಿಯಾಗಿದೆ. ಆದರೂ ಈ ಬೆಳಗ್ಗೆ ಮಂಗಮ್ಮನಿಗೆ ಕೇಳಿಸಿದ್ದು ಮೊಸರು ಮತ್ತು ಪುಸ್ತಕ ಮಾತ್ರ.

ಮನೆಯಲ್ಲಿ ಯಾವುದು ಎಷ್ಟು ನೆಟ್ ಬಳಸುತ್ತಿದೆ ಎಂದು ಸಾಲುಸಾಲಾಗಿ ತೋರಿಸುವ ಪರದೆಯನ್ನು ತನುಜ ನೋಡುತ್ತ ಕೂತಿದ್ದಾರೆ. ಶೈಲಜಾ ಅವರ ಮಾವ ವೆಂಕಟರಾಮಪ್ಪ ಸೊಪ್ಪಿನ ಕಂತೆ ಹೊತ್ತು ಹಿತ್ತಲಿಗೆ ನಡೆಯುತ್ತಾರೆ. ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ, ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿಂದ ಸಣ್ಣಗೆ ಹನಿ ಉದುರಿದಂಥ ಸದ್ದು. ದೊಡ್ಡ ಹುಳುಗಳು ಸೊಪ್ಪು ಮೇಯುವ ಸದ್ದು ಅದು. ಅದೇ ಹೊತ್ತಿಗೆ ಪರದೆಯ ಮೇಲೆ ಹೆಸರಿಲ್ಲದ ಒಂದು ಸಾಲು ಉಕ್ಕಿ ಮೇಲೇರುತ್ತದೆ. ಈ ಮನೆಯಿಂದ ಹೊರಗೆ ಹೋಗುವ ಕಿರಿದಾದ ದಾರಿಯನ್ನೆಲ್ಲ ಯಾವುದೋ ಒಂದು ತುಂಬಿಕೊಂಡುಬಿಟ್ಟಿದೆ.

ಹಿಂದಿನ ಸಲವೂ ಆ ಹೆಸರಿಲ್ಲದ ಸಾಲನ್ನು ತನುಜ ನೋಡಿದ್ದರು. ಆಗ ಅದು ಸುಮ್ಮನಿತ್ತು. ಯಾರದೋ ಹಳೇ ಫೋನಿರಬೇಕು ಎಂದು ಮಿತಿ ಹಾಕದೆ ಬಿಟ್ಟಿದ್ದರು.

ವೆಂಕಟರಾಮಪ್ಪ ಹೊರಗೆ ಬರುತ್ತಲೇ ತನುಜ ಕೇಳುತ್ತಾರೆ. "ಹುಳುಮನೇಲಿ ಏನಾದ್ರೂ ನೆಟ್ಟಿಗೆ ಹಾಕಿದೀರಾ ತಾತ?"

ಮುದುಕರು ಸೊಸೆಯ ಮುಖ ನೋಡುತ್ತಾರೆ. ಸೊಸೆ ನೆಲ ನೋಡುತ್ತಾರೆ. ಹುಳುವಿನ ವಿಷಯ ಹೊರಗಿನವರ ಮುಂದೆ ಎತ್ತುವುದು ಈ ಮನೆಯಲ್ಲಿ ನಡೆದುಬಂದದ್ದಲ್ಲ. ಬೆಳೆ ಚೆನ್ನಾಗಿದ್ದರೆ ದೃಷ್ಟಿಯಾದೀತು ಎಂಬ ಭಯ.

"ಕ್ಯಾಮೆರಾ ಒಂದಿದೆ ಅಮ್ಮಾಯಿ," ಎನ್ನುತ್ತಾರೆ ಕೊನೆಗೆ. "ನನ್ ಮಗ ಮುನೇಶ ಹಾಕಿರೋದು. ಗೌರಿಬಿದನೂರು ಫ್ಯಾಕ್ಟ್ರಿಯಿಂದ ನೋಡ್ಕೊತಾನೆ. ಹೋದ ಬೆಳೇಲಿ ಮಧ್ಯಾಹ್ನ ಯಾರೂ ಇಲ್ದಾಗ ಇರುವೆ ಹತ್ತಿಬಿಟ್ಟಿತ್ತು."

"ನಾನು ಅವತ್ತೇ ಕೇಳಿದ್ನಲ್ಲ ತಾತ, ಬೇರೆ ಏನಾದ್ರೂ ಇದ್ಯಾ ಅಂತ?"

"ಅದು ಬರೀ ನೋಡುತ್ತೆ ತಾಯಿ, ಮಾತಾಡಲ್ಲ. ಮಾತಾಡದೇ ಇರೋದು ಮಾತು ಹೆಂಗೆ ಕೆಡಿಸುತ್ತೆ?"

ಈಗ ತನುಜ ಅವರಿಗೆ ನಗು ತಡೆಯಲಾಗುವುದಿಲ್ಲ. ಏನಾದರೂ ಅಲ್ಲಾಡಿದಾಗ ಮಾತ್ರ ಚಿತ್ರ ಕಳಿಸುವ ಕ್ಯಾಮೆರಾ ಅದು. ಅವರು ಮೊದಲ ಸಲ ಬಂದಾಗ ಹುಳುಮನೆಯನ್ನು ತೊಳೆದು ಖಾಲಿ ಬಿಟ್ಟಿದ್ದರು. ಎರಡನೇ ಸಲ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಮುನ್ನ ಹುಳು ತಲೆಯೆತ್ತಿ ಕದಲದೆ ಕೂರುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ. ಕದಲದ ಹುಳುವಿನ ಚಿತ್ರವನ್ನು ಕ್ಯಾಮೆರಾ ಕಳಿಸಲಿಲ್ಲ. ಜ್ವರ ಎದ್ದ ಮೇಲೆ ಹುಳು ಬಿಡುವಿಲ್ಲದೆ ಮೇಯುತ್ತಿದೆ, ಕ್ಯಾಮೆರಾ ಬಿಡುವಿಲ್ಲದೆ ಕಳಿಸುತ್ತಿದೆ.

"ಕಿತ್ತಾಕ್ತೀನಿ ಈಗ್ಲೇ," ಎಂದು ವೆಂಕಟರಾಮಪ್ಪ ಹೊರಡುತ್ತಾರೆ.

"ಬೇಡ ತಾತ. ಅದೂ ಇರ್ಲಿ, ಇದೂ ಇರ್ಲಿ."

ಹುಳುಮನೆಯ ಒಳಗೆ ಹೋಗಿ ಕ್ಯಾಮೆರಾ ಬಿಚ್ಚಿ ನೋಡಿದರೆ ಕೆಲಸ ಬೇಗ ಮುಗಿಯುತ್ತದೆ. ತನುಜ ಹೋಗುವುದಿಲ್ಲ. ನಿನ್ನೆ ತಾನೇ ಬೇರೆ ಊರಿನ ಹುಳುಮನೆಯ ಅಂಗಳದಲ್ಲಿ ಓಡಾಡಿದ ಕಾಲು ಇದು, ಅಲ್ಲಿನ ರೋಗ ಇಲ್ಲಿಗೆ ಅಂಟಿದರೆ ಯಾರು ಹೊಣೆ? ಜಗಲಿಯಿಂದಲೇ ಆ ಹೆಸರಿಲ್ಲದ ಸಾಲಿಗೆ ‘ಹುಳುಮನೆ’ ಎಂದು ಹೆಸರಿಟ್ಟು, ಮಿತಿ ಹಾಕಿ, ಮುನೇಶ್ ಅವರಿಗೆ ಫೋನ್ ಮಾಡುತ್ತಾರೆ.

"ಈಗ ಹೆಂಗೆ ಕಾಣುತ್ತಪ್ಪ?"

"ಮಬ್ಬು ಮಬ್ಬಾಗಿದೆ ಅಕ್ಕ. ಹುಳ ಕಾಣುತ್ತೆ, ಇರುವೆ ಬಂದ್ರೆ ಕಾಣಲ್ಲ."

"ಹಂಗಾದ್ರೆ ಚಿತ್ರ ಚೆನ್ನಾಗೇ ಇರ್ಲಿ, ಕಳಿಸೋದನ್ನ ನಿಧಾನ ಮಾಡಣ. ನಿಮ್ ಫೋನಲ್ಲೇ ಕ್ಯಾಮೆರಾ ಸೆಟ್ಟಿಂಗ್ ತೆಗೀರಿ, ಹೇಳ್ತೀನಿ. ಸೆಕೆಂಡಿಗೆ ಅಷ್ಟೊಂದು ಚಿತ್ರ ಯಾಕೆ? ಹುಳ ಏನು ಓಡಿ ಹೋಗುತ್ತಾ?"

ಫ್ಯಾಕ್ಟರಿಯ ಗದ್ದಲದ ನಡುವೆ ಮುನೇಶ್ ನಕ್ಕದ್ದು ಜಗಲಿಗೂ ಕೇಳಿಸುತ್ತದೆ. ಒಂದೆರಡು ಸಲ ತಪ್ಪಿ, ಮತ್ತೆ ಹಿಡಿದು, ಇರುವೆ ಬಂದರೂ ಈಗ ಕಾಣುತ್ತದೆ ಎಂದು ಕೊನೆಗೆ ಅವರೂ ಒಪ್ಪುತ್ತಾರೆ.

ತನುಜ ವೆಂಕಟರಾಮಪ್ಪನವರನ್ನು ಇನ್ನೊಂದು ಕಂತೆ ಸೊಪ್ಪು ಹಾಕಲು ಒಳಗೆ ಕಳಿಸುತ್ತಾರೆ. ಹುಳು ಅತ್ಯಂತ ಜೋರಾಗಿ ಮೇಯುವಾಗಲೇ ನೋಡಬೇಕು. ಮಂಗಮ್ಮನಿಗೆ ಫೋನ್ ಹೋಗುತ್ತದೆ. ಗ್ಯಾಸ್ ಬುಕ್ ಮಾಡುವುದು, ದರ್ಜಿಯ ಹತ್ತಿರದ ಬ್ಲೌಸು, ಮಗಳ ಕೆಮ್ಮಿನ ಔಷಧಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾರೆ.

ಮಂಗಮ್ಮ ಒಂದೂ ಬಿಡದೆ ಒಪ್ಪಿಸುತ್ತಾರೆ. "ಎಲ್ಲಾ ಕೇಳಿಸ್ತು ಕಣೇ ತಾಯಿ. ಇಷ್ಟು ಕೆಲಸ ಇದೆ ಅಂತ ಗೊತ್ತಿದ್ರೆ ಕೇಳಿಸ್ಲಿಲ್ಲ ಅಂತಿದ್ದೆ."

ಒಂಬತ್ತಕ್ಕೆ ಶೈಲಜಾ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಮುಂದಿನ ಮನೆಗೆ ಹೊತ್ತಾಗಿದ್ದರೂ ತನುಜ ಎದ್ದಿಲ್ಲ. ಒಳಗಿನಿಂದ ಶೈಲಜಾ ಅವರ ದನಿ ಒಂದೇ ಹದದಲ್ಲಿ ಕೇಳುತ್ತಿದೆ. ಆ ತುದಿಗೆ ಹೇಗೆ ತಲುಪುತ್ತಿದೆಯೋ ಇಲ್ಲಿ ಕೂತವರಿಗೆ ತಿಳಿಯುವಂತಿಲ್ಲ. ವೆಂಕಟರಾಮಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಾರೆ.

ಬಿಡುವಿಗೆ ಬಾಗಿಲು ತೆರೆದಾಗ ಶೈಲಜಾ ಅವರ ಮುಖ ಕೆಂಪಾಗಿದೆ.

"ಏನಂದ್ರಮ್ಮ?"

"ಕೆಲಸ ಮುಂದುವರಿಸಿ ಅಂದ್ರು ಅಕ್ಕ. ಮನೆಯಿಂದ್ಲೇ. ಆದ್ರೆ ತುಂಬಾ ಹೊತ್ತು ತರಾಟೆಗೆ ತಗೊಂಡ್ರು. ಕನ್ನಡದವರ ಹತ್ರ ಮಾತಾಡ್ತಾ ಮಧ್ಯ ಮಧ್ಯ ತೆಲುಗು ಸೇರಿಸ್ತೀನಂತೆ. ಎಲ್ಲೆಲ್ಲಿ ಏನೇನು ಸೇರಿಸ್ದೆ ಅಂತ ಒಂದೊಂದೇ ಎತ್ತಿ ಎತ್ತಿ ತೋರಿಸಿದ್ರು. ಒಂದು ಕಡೆ ಮೆಲ್ಲಗೆ ‘ಅವುನಾ’ ಅಂದಿದ್ನಂತೆ, ಅದನ್ನೂ ಬಿಡ್ಲಿಲ್ಲ!"

"ಮೆಲ್ಲಗೆ ಅಂದಿದ್ದೂ ಕೇಳಿಸ್ತಂತಾ?"

"ಹೂಂ ಅಕ್ಕ."

ತನುಜ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ. ಅವರ ಮುಖದಲ್ಲಿ ನಗು ನಿಧಾನವಾಗಿ ಹರಡುತ್ತದೆ.

"ತೆಲುಗು ನೀನು ಸರಿ ಮಾಡ್ಕೊಳಮ್ಮ. ನನ್ನ ಕೆಲಸ ಆಯ್ತು."