ಎರಡು ಮೀಟರ್ ಹೆಚ್ಚಿನ ತಂತಿ

ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಗೊತ್ತಿದ್ದದ್ದು ಒಬ್ಬರಿಗೇ, ಕನ್ನಡಿ ಅಕ್ಕನಿಗೆ. ಹದಿನೆಂಟು ವರ್ಷ ಕನ್ನಡಿಗಳ ತಿರುಪು ತಿರುಗಿಸಿ ಬೆಳಕನ್ನು ದಾರಿಗೆ ತಂದ ಹೆಂಗಸು. ಪ್ರೊಫೆಸರಿಗೆ ಗೊತ್ತಿದ್ದದ್ದು ಕೋಟು ಹಾಕೋದು, ಫೋಟೋಗೆ ನಿಲ್ಲೋದು. ನಾನೋ, ಇಬ್ಬರಿಗೂ ಹೂಂ ಅನ್ನುವ ಸಹಾಯಕ.

ಬೆಳಕಿನ ಎರಡು ಕಣ ಒಂದೇ ಗಳಿಗೆಗೆ ಅರ್ಧ ಬೆಳಕು ಬಿಟ್ಟು ಅರ್ಧ ತಿರುಗಿಸುವ ಅರೆಗನ್ನಡಿಗೆ ಬಂದರೆ ಎರಡೂ ಜೊತೆಯಾಗಿ ಒಂದೇ ಕಡೆ ಹೋಗುತ್ತವೆ. ಕಣ ಬಿದ್ದರೆ ಟಿಕ್ ಅನ್ನುವಂತೆ ಆಚೆ ಈಚೆ ಇಟ್ಟ ಎರಡು ಯಂತ್ರಗಳು ಒಟ್ಟಿಗೆ ಟಿಕ್ ಅನ್ನಲ್ಲ. ಒಂದು ಕನ್ನಡಿ ಕೂದಲೆಳೆಯಷ್ಟು ಸರಿದರೂ ಎರಡೂ ಒಟ್ಟಿಗೆ ಟಿಕ್ ಅನ್ನುವ ಜೋಡಿ ಎಣಿಕೆ ಏರಿಬಿಡುತ್ತದೆ. ಸೂಕ್ಷ್ಮ ದೂರ ಅಳೆಯೋದು ಅದರಿಂದಲೇ. ಅಕ್ಕ ವರ್ಷಗಟ್ಟಲೆ ಒದ್ದಾಡಿ ಆ ಎಣಿಕೆಯನ್ನು ನೂರರಿಂದ ಆರಕ್ಕೆ ಇಳಿಸಿದ್ದರು.

ಅತಿಥಿಗಳಿಗೆ ಕುರ್ಚಿ ಹಾಕಬೇಕೆಂದು ಈ ಪ್ರೊಫೆಸರ್ ಮಹಾಶಯರು, ಜೋಡಿ ಟಿಕ್ ಎಣಿಸುವ ಲೆಕ್ಕದ ಪೆಟ್ಟಿಗೆಯನ್ನು ಗೋಡೆಗೆ ತಳ್ಳಿಸಿದರು. ಒಂದು ಯಂತ್ರದಿಂದ ಬರುವ ತಂತಿ ಸಾಲಲಿಲ್ಲ, ಎರಡು ಮೀಟರ್ ಹೆಚ್ಚಿನದು ಹಾಕಿಸಿದರು. ಮರುದಿನ ಜೋಡಿ ಎಣಿಕೆ ಹೆಚ್ಚುಕಡಿಮೆ ಸೊನ್ನೆ. "ಇಷ್ಟು ಕಡಿಮೆ ಎಣಿಕೆ ಜಗತ್ತಲ್ಲಿ ಯಾರಿಗೂ ಬಂದಿಲ್ಲ" ಅಂತ ಎದೆ ಉಬ್ಬಿಸಿಕೊಂಡು ಓಡಾಡಿದರು.

ಅಕ್ಕ ಕನ್ನಡಿ ಸರಿಸಿ ನೋಡಿದರು. ಎಣಿಕೆ ಏರಲೇ ಇಲ್ಲ.

"ಸಾರ್, ಉದ್ದದ ತಂತಿಯ ಸುದ್ದಿ ತಡವಾಗಿ ಬರ್ತಿದೆ. ಯಂತ್ರಗಳು ಒಟ್ಟಿಗೆ ಟಿಕ್ ಅಂದ್ರೂ ಪೆಟ್ಟಿಗೆಗೆ ಗೊತ್ತಾಗ್ತಿಲ್ಲ."

"ಹೊಟ್ಟೆಕಿಚ್ಚು ಬೇಡಮ್ಮ, ಫಲಿತಾಂಶದ ಪುಸ್ತಕಕ್ಕೆ ಸಹಿ ಹಾಕಿ."

ತಿಂಗಳ ಕೊನೆಗೆ ಅಕ್ಕನ ಗುತ್ತಿಗೆ ಮುಗಿಯುತ್ತಿತ್ತು. ಮುಂದುವರಿಸೋದು ಬಿಡೋದು ಆ ಕೋಟಿನವನ ಕೈಲಿತ್ತು. ಆದರೂ ಅಕ್ಕ ಪೆನ್ನು ಮುಚ್ಚಿಟ್ಟು ಎದ್ದುಹೋದರು. ನಾನು ಅದೇ ಪೆನ್ನು ಎತ್ತಿ ಸಹಿ ಗೀಚಿದೆ. ಅಕ್ಕನ ಕೆಲಸ ಹೋಯಿತು. ಪ್ರೊಫೆಸರಿಗೆ ಭಾಷಣ, ಚಪ್ಪಾಳೆ.

ಆರು ತಿಂಗಳಾದ ಮೇಲೆ ಬೇರೊಂದು ಪ್ರಯೋಗಾಲಯದವರು ಕಾಗದ ಬರೆದು, ಕನ್ನಡಿ ಸರಿಸಿದಾಗ ಎಣಿಕೆ ಎಷ್ಟಕ್ಕೆ ಏರಿತು ಅಂತ ಕೇಳಿದರು. ಏರಿದ್ದೇ ಇಲ್ಲ ಅನ್ನೋದು ಬಯಲಾಗಿ ವಿಚಾರಣೆ ಶುರುವಾಯಿತು. "ನನಗೇನು ಗೊತ್ತು, ಸಹಿ ಸಹಾಯಕನದು" ಅಂದ ಆ ಪುಣ್ಯಾತ್ಮ. ನಾಚಿಕೆ ಮಾನ ಮರ್ಯಾದೆ ಎಲ್ಲ ಬಿಟ್ಟವನು. ಈಗ ನನ್ನ ಕೆಲಸಕ್ಕೇ ಕುತ್ತು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಅಕ್ಕನನ್ನು ಹುಡುಕಿಕೊಂಡು ಹೋದೆ.

"ಅಕ್ಕ, ತಂತಿ ವಿಷಯ ನನಗೇನೂ ಗೊತ್ತಿರಲಿಲ್ಲ ಅಂತ ಎರಡು ಸಾಲು ಬರೆದುಕೊಡಿ."

ಅವರು ಉಜ್ಜುವ ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡರು.

"ಹೇಗೆ ಬರೀಲಪ್ಪ? ಆವತ್ತು ನಾನು ತಂತಿ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದು ನೀನೇ ಅಲ್ವಾ?"