ಸಲೀಮ್ ಕೊಟ್ಟ ಎಂಟು ತುಂಡು

ಇಲ್ಲ... ನಂಬಲು ಆಗುತ್ತಿಲ್ಲ.
ಗೆದ್ದ ಖುಷಿ ಇನ್ನೂ ಇಳಿದಿಲ್ಲ, ಯಾರಿಗೆ ಹೇಳಬೇಕಿತ್ತೋ ಅವನೇ ಇಲ್ಲ ಅಂದರೆ ಹೇಗೆ?

ಗೆಳೆಯರೇ,
ನಮ್ಮ ಆಫೀಸಿನ ಸಲೀಮ್ ಇಂದು ಬೆಳಿಗ್ಗೆ ಹೋಗಿಬಿಟ್ಟ.
ನಮಾಜ್ ಮುಗಿಸಿ ಕೂತವನು ಮತ್ತೆ ಏಳಲಿಲ್ಲವಂತೆ... ಹಾರ್ಟ್ ಅಟ್ಯಾಕ್.

ಇಂಥ ಸುದ್ದಿಯಲ್ಲೂ ಇಷ್ಟು ಉತ್ಸಾಹ ಏಕೆ ಎಂದು ಬೈಯಬೇಡಿ. ಅವನ ಬಗ್ಗೆ ಸಪ್ಪಗೆ ಬರೆಯಲು ನನಗೆ ಬರುವುದಿಲ್ಲ.

ಶಿವಾಜಿನಗರದ ಹುಡುಗ.
ಅವನ ಅಬ್ಬಾ ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್.
ಎರಡು ಮೀಟರ್ ಬಟ್ಟೆಯಲ್ಲಿ ತೋಳು, ಕಾಲರ್, ಜೇಬು ಎಲ್ಲ ಹೇಗೆ ಹಿಡಿಸುತ್ತಾರೆ ಎಂದು ನೋಡುತ್ತಲೇ ಬೆಳೆದವನು. ಸಾಫ್ಟ್‌ವೇರ್ ಇಂಜಿನಿಯರ್ ಆದ ಮೇಲೂ ಆ ತುಂಡು ಜೋಡಿಸುವ ಹುಚ್ಚು ಬಿಡಲಿಲ್ಲ.
ಕೋಡ್‌ನಲ್ಲಿ ಬಗ್ ಸಿಕ್ಕರೆ ನಮಗೆ ತಲೆನೋವು, ಅವನಿಗೆ ಹಬ್ಬ!

ಕಾಲರ್ ಒಳಗೆ ಹಾಕುವ ದಪ್ಪ ಬಕ್ರಂ ಬಟ್ಟೆ ಕತ್ತರಿಸಿ ಪಜಲ್ ಮಾಡಿ ಎಲ್ಲರಿಗೂ ಹಂಚುತ್ತಿದ್ದ. ನನಗೂ ಎಂಟು ತುಂಡು ಕೊಟ್ಟಿದ್ದ.
"ಜೋಡಿಸಿ ಚೌಕ ಮಾಡು ಮಗಾ. ಫೋಟೋ ಗೀಟೋ ಕಳಿಸ್ಬೇಡ, ನನ್ ಎದುರಿಗೇ ಜೋಡಿಸ್ಬೇಕು."

ಎರಡು ವಾರ!
ರಾಮಮೂರ್ತಿ ನಗರದ ನಮ್ಮ ಮನೆಯ ಊಟದ ಮೇಜು ಪೂರ್ತಿ ಅದಕ್ಕೇ ಮೀಸಲು.
"ಇದನ್ನ ತೆಗೀತೀರೋ, ತಟ್ಟೆ ನೆಲದ ಮೇಲೆ ಇಡ್ಲೋ?" ಎಂದು ಹೆಂಡತಿ ರೇಗಿದಳು.

ಇಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ, ಹೊಳೆದುಬಿಟ್ಟಿತು...

ಸಲೀಮಾ, ಕಳ್ಳ ಕಣೋ ನೀನು!
ಬಕ್ರಂಗೆ ಒಂದೇ ಕಡೆ ಹೊಳಪು. ನಾನು ಎಂಟೂ ತುಂಡಿನ ಹೊಳಪನ್ನು ಮೇಲಿಟ್ಟುಕೊಂಡೇ ಒದ್ದಾಡುತ್ತಿದ್ದೆ. ಒಂದನ್ನು ಮಗುಚಿ ಹಾಕಿದೆ ನೋಡು... ಟಕ್ ಅಂತ ಕೂತಿತು!
ಮಗುಚಬಾರದು ಎಂದು ನೀನು ಹೇಳಿಯೇ ಇರಲಿಲ್ಲ!
ಅಡುಗೆಮನೆಯವರೆಗೂ ಕುಣಿದೆ ಕಣೋ. ತುಂಡುಗಳನ್ನೆಲ್ಲ ಟಿಫಿನ್ ಬ್ಯಾಗಿಗೆ ಹಾಕಿಕೊಂಡು ಆಫೀಸಿಗೆ ಓಡಿ ಬಂದೆ.

ನಿನ್ನ ಸೀಟಿನ ಹತ್ತಿರ ಎಲ್ಲರೂ ನಿಂತಿದ್ದರು... ಸುದ್ದಿ ಅಲ್ಲೇ ಗೊತ್ತಾಯಿತು.

ಅಲ್ಲಿಂದ ನಿನ್ನ ಮನೆಗೆ ಬಂದೆ.
ನನ್ನ ಹೆಸರು ಹೇಳಿದ ಕೂಡಲೇ ನಿನ್ನ ಅಬ್ಬಾ ನನ್ನ ಕೈ ಹಿಡಿದುಕೊಂಡರು.
"ಮಂಜು ಅಂದ್ರೆ ನೀನೇನಾ ಬೇಟಾ? ನಿನ್ನೆ ಊಟಕ್ಕೆ ಕೂತಾಗ ನಿನ್ ಮಾತೇ ಆಡ್ತಿದ್ದ... ಎಲ್ಲಾರೂ ಆಗಲ್ಲ ಅಂತ ವಾಪಸ್ ಕೊಟ್ರು, ಮಂಜು ಒಬ್ಬ ಕೊಟ್ಟಿಲ್ಲ, ಅವನು ಬಂದೇ ಬರ್ತಾನೆ ಅಬ್ಬಾ, ಅಂತ."

ಬಂದೆ ಕಣೋ...
ಒಂದೇ ಒಂದು ದಿನ ತಡವಾಯಿತು.

ಹೋಗಿ ಬಾ ಗೆಳೆಯಾ.
ಅಲ್ಲಾಹು ನಿನ್ನ ಆತ್ಮವನ್ನು ನೆಮ್ಮದಿಯಾಗಿ ಇಟ್ಟಿರಲಿ.