ಎದುರುಮನೆಗೆ ಹೋದ ಚೀಲ

ನಮ್ಮ ಕಡೆ ಶುಕ್ರವಾರ ಪಡುವಣ ದಿಕ್ಕಿಗೆ ಪ್ರಯಾಣ ಹೊರಡುವುದಿಲ್ಲ. ಹೊರಡಲೇಬೇಕಾಗಿ ಬಂದರೆ ಅದಕ್ಕೊಂದು ಉಪಾಯವೂ ಉಂಟು. ಗುರುವಾರವೇ ಒಂದು ಚೀಲ ತುಂಬಿ ಎದುರುಮನೆಯ ಪಡಸಾಲೆಯಲ್ಲಿ ಇಟ್ಟು ಬರುವುದು. ಚೀಲ ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾಯಿತೆಂದೇ ಅರ್ಥ; ಮರುದಿನ ಮನುಷ್ಯರು ಹಿಂದಿನಿಂದ ಹೋಗಿ ಅದನ್ನು ಕೂಡಿಕೊಂಡರಾಯಿತು. ಇದಕ್ಕೆ ಪ್ರಸ್ಥಾನವಿಡುವುದು ಎನ್ನುತ್ತಾರೆ. ಹಾಗೆ ಇಟ್ಟ ಚೀಲವನ್ನು ಮಾತ್ರ ಮತ್ತೆ ಮನೆಯೊಳಗೆ ತರುವಂತಿಲ್ಲ. ಒಂದು ಚೀಲದಿಂದ ಮೋಸಹೋಗುವಷ್ಟು ಮುಗ್ಧವಾದ ದಿಕ್ಕಿಗೆ ನಾವೇಕೆ ಹೆದರಬೇಕು ಎಂದು ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ. ಅತ್ತೆಯವರಿಂದ ಉತ್ತರದ ಬದಲು ಒಂದು ನೋಟ ಸಿಕ್ಕಿತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಕಲಿತದ್ದೆಲ್ಲ ಹೀಗೆ ಕೇಳಿ, ನೋಟಗಳನ್ನು ತಿಂದು, ಕೈಗೆ ಸಿಕ್ಕ ಪುಸ್ತಕಗಳಲ್ಲಿ ಹುಡುಕಿ ಕಲಿತದ್ದು.

ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಮುದ್ರ ತೋರಿಸಲು ಗೋಕರ್ಣಕ್ಕೆ ಹೋಗುವುದೆಂದಾಯಿತು. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದ ನನ್ನ ಮಗಳ ಮಗ, ಮತ್ತು ನಾನು. ಬನವಾಸಿಯ ಮಗ್ಗುಲಿನ ನಮ್ಮ ಹೊಲದಲ್ಲಿ ಶುಂಠಿ ನಾಟಿ ಮುಗಿಯುವುದು ಗುರುವಾರ ಸಂಜೆ. ಆದ್ದರಿಂದ ಹೊರಡುವುದು ಶುಕ್ರವಾರವೇ, ಆದ್ದರಿಂದ ಪ್ರಸ್ಥಾನ. ಮೊದಲು ತುಂಬಿ ಮುಗಿದದ್ದು ಮಕ್ಕಳಿಬ್ಬರ ಬಟ್ಟೆಯ ಚೀಲ. ಸೊಸೆ ಅದಕ್ಕೆ ಕುಂಕುಮ ಹಚ್ಚಿ ಬೆಳಿಗ್ಗೆಯೇ ಎದುರುಮನೆಗೆ ಒಯ್ದಿಟ್ಟು ಬಂದಳು.

ಮಧ್ಯಾಹ್ನ ರೊಟ್ಟಿ ಕಟ್ಟಿ, ಶೇಂಗಾ ಚಟ್ನಿಯ ಡಬ್ಬಿಗೆ ಮುಚ್ಚಳ ಹಾಕುವ ಹೊತ್ತಿಗೆ ಮೊಮ್ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಾ ಬರೂದಿಲ್ಲ" ಎಂದಳು. ಒಂದು ತಿಂಗಳಿಂದ ಸಮುದ್ರದ ಜಪ ಮಾಡುತ್ತಿದ್ದ ಹುಡುಗಿ. ಸೊಸೆ ಅವಳಿಗೆ ನೀರಿನ ಭಯವೆಂದಳು. ಮೊಮ್ಮಗ, "ಘಟ್ಟ ಅಂದ್ರ ಆಕೀಗೆ ಹೆದರಿಕಿ" ಎಂದು ನಕ್ಕ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ವರದಾ ನದಿಯಲ್ಲಿ ಕುತ್ತಿಗೆಮಟ ಇಳಿಯುವವಳಿಗೆ ಎಂಥ ನೀರಿನ ಭಯ? ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ.

"ರಬ್ಬರ್ ಶೀಟು ಆ ಚೀಲದಾಗ ಐತಿ ಅಜ್ಜಿ," ಎಂದಳು. "ಅವ್ವ ತಳದಾಗ ಇಟ್ಟಾಳ. ಚೀಲ ಬಿಚ್ಚಿದ ಕೂಡಲೆ ಅಂವ ನೋಡ್ತಾನ. ಹುಬ್ಬಳ್ಳಿ ತುಂಬ ಹೇಳ್ತಾನ."

ಅವಳು ಇನ್ನೂ ಆಗಾಗ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮನೆಯ ನಾಲ್ವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅಣ್ಣತಂಗಿಯರಂತೆ ಒಂದೇ ಕೋಣೆಯಲ್ಲಿ ಮಲಗಿದರೂ ಮೊಮ್ಮಗನಿಗೆ ಅದು ತಿಳಿಯದಂತೆ ಅವಳನ್ನು ನನ್ನ ಮಗ್ಗುಲಿಗೆ ಹಾಕಿಕೊಳ್ಳುತ್ತಿದ್ದೆ.

"ನಮ್ಮ ಮನೆತನದಾಗ ಯಾರಿಗೂ ಹಿಂಗ ಇದ್ದಿಲ್ಲಂತ. ಅಪ್ಪ ಹೇಳ್ಯಾನ," ಎಂದು ಅವಳು ಅತ್ತಳು.

ಮನೆತನದ ಬಗ್ಗೆ ಯಾರು ಏನು ಹೇಳಿದರೂ ನಾನು ಅದನ್ನು ಒಮ್ಮೆ ತಿರುವಿ ನೋಡುವವಳು. ಈ ಮಾತನ್ನಂತೂ ತಿರುವಿ ನೋಡುವ ಅಗತ್ಯವೇ ಇರಲಿಲ್ಲ. ಸಂಜೆ ಮಗ ಹೊಲದಿಂದ ಬಂದು ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ವಿಷಯ ಹೇಳಿದೆ.

"ಒಂಬತ್ತು ತುಂಬ್ಯಾವ ಅವ್ವಾ. ನಮ್ಮ ಮನೆತನದಾಗ..."

"ನಿನ್ನ ಹಾಸಿಗಿ ಅನಾನಸಿನ ಬೇಲಿ ಮ್ಯಾಲ ಒಣಹಾಕಿದಾಕಿ ನಾನು. ಐದನೇ ಇಯತ್ತೆ ತನಕ. ಯಾವ ಮನೆತನದ ಮಾತು ಹೇಳ್ತಿ?"

ಅವನ ಕೈಯ ತಂಬಿಗೆ ಹಾಗೇ ನಿಂತಿತು. "ಅಪ್ಪ ಒಮ್ಮೆನೂ ಬೈದಿದ್ದ ನೆನಪಿಲ್ಲಲ್ಲ," ಎಂದ.

"ನಿಮ್ಮಪ್ಪ ಏಳೂದ್ರಾಗ ಹಾಸಿಗಿ ಬದಲಾಗಿರ್ತಿತ್ತು."

ಅವನು ಕಾಲಿನ ಕೆಸರು ಪೂರ್ತಿ ಹೋಗುವ ಮೊದಲೇ ಎದ್ದು ಚೀಲ ತರಲು ಎದುರುಮನೆಗೆ ಹೊರಟ. ಸೊಸೆ ಜಗಲಿಯಿಂದ ಇಳಿದು ಬಂದಳು.

"ಅತ್ತೀ, ಪ್ರಸ್ಥಾನದ ಚೀಲ ವಾಪಸ್ ತರಬಾರದ್ರೀ. ಮಾವನವರು ಹಂಗ ತಂದ ವರ್ಷ ಗಾಡಿ ಅಚ್ಚು ಮುರೀಲಿಲ್ಲೇನ್ರೀ?"

"ಆ ಗಾಡ್ಯಾಗ ನಾನೂ ಕುಂತಿದ್ದೆ. ಅಚ್ಚು ಮೊದಲ ಸೀಳಿತ್ತು. ಬಡಿಗ್ಯಾ ಹೇಳಿದ್ದ, ಇವರು ಕೇಳಲಿಲ್ಲ."

ಅವಳಿಗೆ ಸಮಾಧಾನವಾಗಲಿಲ್ಲ. ಘಟ್ಟದ ತಿರುವುಗಳಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಇಳಿಯಬೇಕಾದ ತಾಯಿಯ ಹತ್ತಿರ ಅಚ್ಚಿನ ವಾದ ಹೂಡಿ ಗೆಲ್ಲುವುದರಲ್ಲಿ ನನಗೂ ಅರ್ಥ ಕಾಣಲಿಲ್ಲ. ಚೀಲ ಅಲ್ಲಿಯೇ ಇರಲಿ, ಶೀಟು ಒಂದನ್ನೇ ತೆಗೆದು ನೇರ ಕಾರಿಗೆ ಹಾಕೋಣ ಎಂದೆ. ಕಾರು ಎದುರುಮನೆಯವರ ಹುಣಸೆಮರದ ಕೆಳಗೇ ನಿಂತಿತ್ತು. ಶೀಟು ನಮ್ಮ ಹೊಸ್ತಿಲು ತುಳಿಯುವ ಪ್ರಶ್ನೆಯಿರಲಿಲ್ಲ. ಸೊಸೆ ಯೋಚಿಸಿ ಒಪ್ಪಿದಳು.

ಎದುರುಮನೆಯಾಕೆ, "ನಿಮ್ಮ ಚೀಲ ಸಮುದ್ರ ನೋಡಿ ತಿರುಗಿ ಬಂತೇನ್ರೀ ಇಷ್ಟು ಲಗೂನ?" ಎಂದು ನಗೆಯಾಡುತ್ತ ಒಳಗೆ ಕರೆದಳು. ಮಗ ಚೀಲದ ತಳಕ್ಕೆ ಕೈ ಹಾಕಿ ಶೀಟನ್ನು ಎಳೆದು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದ. ಮಾವಿನಹಣ್ಣು ಚೀಪುತ್ತ ಮೊಮ್ಮಗ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದ. ನನ್ನ ಹಿಂದಿದ್ದ ಹುಡುಗಿಯ ಬೆರಳುಗಳು ನನ್ನ ಸೆರಗನ್ನು ಬಿಗಿಯಾಗಿ ಹಿಡಿದವು.

"ಮಾಮಾ, ಅದೇನದು?"

"ನಿನಗ ಹಾಸಾಕ."

"ನನಗ್ಯಾಕ?"

"ಹೋದ ವರ್ಷ ದೇವಿಮನೆ ಘಟ್ಟದಾಗ ಹೊಟ್ಟ್ಯಾಗಿನ ಇಡ್ಲಿ ಎಲ್ಲಾ ನನ್ನ ಸೀಟಿನ ಮ್ಯಾಲ ಇಳಿಸಿದ್ದಿ. ಮರತಿ?"

"ಅವತ್ತು ಇಡ್ಲಿನ ಸರಿ ಇದ್ದಿಲ್ಲ ಮಾಮಾ!"

"ಈ ಸಲ ಇಡ್ಲಿ ಸರಿ ಇರ್ಲಿ, ಇರದಿರ್ಲಿ, ನೀ ಇದರ ಮ್ಯಾಲ ಕುಂದರಬೇಕು."

ಸೆರಗು ಸಡಿಲವಾಯಿತು. ಹುಡುಗಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ತಡೆಯಲಾರದೆ ನಕ್ಕಳು. ಹುಡುಗ ವಾಂತಿ ಮಾಡಿದ್ದು ನಿಜ. ಶೀಟು ಅದಕ್ಕಾಗಿ ಎಂಬುದು ನಿಜವಲ್ಲ. ಯಾರ ಬಾಯಿಂದ ಬಂದ ತಪ್ಪು ಕಥೆಯನ್ನೂ ತಿದ್ದದೆ ಬಿಟ್ಟವಳಲ್ಲ ನಾನು. ಆ ಸಂಜೆ ಹುಣಸೆಮರವನ್ನು ನೋಡುತ್ತ ನಿಂತುಬಿಟ್ಟೆ. ಹುಡುಗಿ, ಮರಳಿನಲ್ಲಿ ಗೂಡು ಕಟ್ಟಲು ಪ್ಲಾಸ್ಟಿಕ್ ಬಕೆಟ್ಟು ಬೇಕೆಂದು ಮನೆಗೆ ಓಡಿದಳು.

ಶುಕ್ರವಾರ ಶಿರಸಿ ದಾಟಿ ಘಟ್ಟವಿಳಿಯುವವರೆಗೆ ಮೊಮ್ಮಗ ರಬ್ಬರ್ ಶೀಟಿನ ಮೇಲೆ ಗದ್ದ ಎತ್ತಿ ಕುಳಿತಿದ್ದ. ವಾಂತಿ ಮಾಡಲಿಲ್ಲವೆಂಬುದನ್ನು ಎಳನೀರು ಮಾರುವವನಿಗೂ ಹೇಳಿದ. ಅಚ್ಚೂ ಮುರಿಯಲಿಲ್ಲ.

ಗೋಕರ್ಣದ ಕೋಣೆಯಲ್ಲಿ, ಮಕ್ಕಳು ಬಚ್ಚಲಿನಲ್ಲಿ ಮೈಯ ಮರಳು ತೊಳೆದುಕೊಳ್ಳುತ್ತಿದ್ದಾಗ, ಮಗ ಕಾರಿನಿಂದ ಶೀಟನ್ನು ಮಡಚಿ ತಂದ. ಹುಡುಗಿ ಮಲಗುವ, ನನ್ನ ಮಗ್ಗುಲಿನ ಜಾಗದಲ್ಲಿ ಅದನ್ನು ಹಾಸಿ, ಮೇಲೆ ನನ್ನ ಹಳೆಯ ಸೀರೆ ಹೊದಿಸಿದ. ಸೀರೆಯ ಮೂಲೆಗಳನ್ನು ಒಂದರೊಳಗೊಂದು ಮಡಚಿ ಹಾಸಿಗೆಯಡಿ ಸಿಕ್ಕಿಸಿದ ರೀತಿ ನನ್ನದೇ ಆಗಿತ್ತು. ನಾನು ಅವನಿಗೆ ಎಂದೂ ಅದನ್ನು ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ, ಒದ್ದೆಯಾಗಿತ್ತೇ ಎಂದು ಸೊಸೆ ಕಣ್ಣಿನಲ್ಲಿಯೇ ಕೇಳಿದಳು. ನಾನು ಕಿಟಕಿಯ ಹೊರಗೆ ಕೈ ತೋರಿದೆ. ಹುಡುಗಿ ಬಕೆಟ್ಟು ಬೀಸುತ್ತ, ಹುಬ್ಬಳ್ಳಿಯ ಹುಡುಗನನ್ನು ಹಿಂದೆ ಹಾಕಿ, ನೀರಿನತ್ತ ಓಡುತ್ತಿದ್ದಳು.